ಮಳೆಗಾಲದಲ್ಲಿ ಕರಗಿಹೋಗುತ್ತಿರುವ ಎಚೆವೇರಿಯಾಗಳು: ಕರಾವಳಿಯಲ್ಲಿ ಸಕ್ಯುಲೆಂಟ್ ಬೆಳೆಸಲು ಸಾಧ್ಯವೇ?

ಕಡಲತಡಿ, ಉಡುಪಿ · ಜುಲೈ 14

ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿಗೆ ಹೋಗಿದ್ದಾಗ ಅಲ್ಲಿನ ಒಂದು ನರ್ಸರಿಯಿಂದ ಹನ್ನೊಂದು ಸಕ್ಯುಲೆಂಟ್‌ಗಳನ್ನು, ಅಂದರೆ ದಪ್ಪ ಎಲೆ-ಕಾಂಡಗಳಲ್ಲಿ ನೀರು ಕೂಡಿಡುವ ಗಿಡಗಳನ್ನು, ಆಸೆಪಟ್ಟು ತಂದಿದ್ದೆ. ಆರು ಎಚೆವೇರಿಯಾ, ಎರಡು ಹಾವರ್ಥಿಯಾ, ಒಂದು ಗ್ರಾಪ್ಟೊಪೆಟಲಮ್, ಒಂದು ಜೇಡ್ ಮತ್ತು ಕೆಂಪು ತಲೆಯ ಒಂದು ಕಸಿ ಕಳ್ಳಿ. ಮೇ ತಿಂಗಳ ತನಕ ಎಲ್ಲವೂ ಚೆನ್ನಾಗಿಯೇ ಇದ್ದವು. ಮಳೆ ಹಿಡಿದ ಮೇಲೆ ಒಂದೊಂದಾಗಿ ಹೋಗತೊಡಗಿವೆ. ಒಣಗಿ ಸತ್ತಿದ್ದರೆ ಇಷ್ಟು ಬೇಸರವಾಗುತ್ತಿರಲಿಲ್ಲ, ಇವು ಕರಗಿ ಸಾಯುತ್ತಿವೆ. ಮೊದಲ ದಿನ ಬುಡದ ಒಂದು ಎಲೆ ಬಾಡಿಸಿದ ಈರುಳ್ಳಿಯ ಪದರದಂತೆ, ಬೆಳಕು ಆಚೆಗೆ ತೂರುವಂತೆ ಕಾಣಿಸುತ್ತದೆ. ಮರುದಿನ ಬೆರಳು ತಾಗಿದರೆ ಸಾಕು, ಕಳಚಿ ಬೀಳುತ್ತದೆ. ಮೂರನೆಯ ದಿನ ಕಾಂಡ ಕಪ್ಪಾಗಿ ಇಡೀ ಗಿಡವೇ ಕೈಗೆ ಬಂದುಬಿಡುತ್ತದೆ. ನಾಲ್ಕು ಎಚೆವೇರಿಯಾಗಳು ಹೀಗೆಯೇ ಹೋದವು.

ಗಿಡಗಳನ್ನು ನಾನು ಮಳೆಗೆ ಒಡ್ಡಿಲ್ಲ. ಅವು ಜಗಲಿಯ ಮೇಲಿವೆ, ಎರಚಲು ಕೂಡ ಅಲ್ಲಿಗೆ ತಲುಪುವುದಿಲ್ಲ. ನರ್ಸರಿಯವರು ಹೇಳಿದ ಹಾಗೆ ವಾರಕ್ಕೊಮ್ಮೆ ಸ್ಪ್ರೇ ಬಾಟಲಿಯಿಂದ ಎಲೆ ನೆನೆಯುವಷ್ಟು ನೀರು ಕೊಡುತ್ತಿದ್ದೇನೆ. ಕುಂಡ, ಮಣ್ಣು ಯಾವುದನ್ನೂ ಬದಲಿಸಿಲ್ಲ. ನಮ್ಮ ಅತ್ತೆಯವರು "ಘಟ್ಟದ ಮೇಲಿನ ಗಿಡ ಘಟ್ಟದ ಮೇಲೆಯೇ ಇರಬೇಕು" ಎನ್ನುತ್ತಾರೆ. ಅವರ ಮಾತನ್ನು ಒಪ್ಪಿಕೊಳ್ಳುವ ಮುನ್ನ ಇಲ್ಲಿ ತಿಳಿದವರನ್ನು ಕೇಳೋಣವೆಂದುಕೊಂಡೆ.

ಮಹಡಿತೋಟ, ಬೆಂಗಳೂರು · ಜುಲೈ 14

ನಿಮ್ಮ ಅತ್ತೆಯವರ ಮಾತಿನಲ್ಲಿ ಅರ್ಧದಷ್ಟು ಸತ್ಯವಿದೆ. ಎಚೆವೇರಿಯಾಗಳಲ್ಲಿ ಹೆಚ್ಚಿನವು ಮೆಕ್ಸಿಕೋದ ಎತ್ತರದ ಬೆಟ್ಟಸೀಮೆಯವು. ಅಲ್ಲಿ ಹಗಲು ಬಿಸಿಲು ಎಷ್ಟೇ ಇದ್ದರೂ ರಾತ್ರಿ ತಂಪಾಗಿರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು, ಮಳೆಗಾಲದ ರಾತ್ರಿಗಳಲ್ಲಿ ಉಷ್ಣಾಂಶ 20 ಡಿಗ್ರಿಯ ಆಸುಪಾಸಿಗೆ ಇಳಿಯುವುದರಿಂದ ನಮ್ಮ ತಪ್ಪುಗಳನ್ನು ಹವೆಯೇ ಸ್ವಲ್ಪ ಮುಚ್ಚಿಹಾಕುತ್ತದೆ. ನಿಮ್ಮಲ್ಲಿ ಆ ಅನುಕೂಲವಿಲ್ಲ. ಜುಲೈ ತಿಂಗಳ ರಾತ್ರಿಯೂ ಸೆಕೆ, ಗಾಳಿಯಲ್ಲಿ ಕೈಯಿಂದ ಹಿಂಡುವಷ್ಟು ತೇವ. ಅಂಥ ರಾತ್ರಿಗಳಲ್ಲಿ ಈ ಗಿಡಗಳು ಬೆಳವಣಿಗೆ ನಿಲ್ಲಿಸಿ ಸುಮ್ಮನಾಗುತ್ತವೆ. ಬೇರು ನೀರೆಳೆಯುವುದಿಲ್ಲ, ಕುಂಡದ ನೀರು ಆರುವುದಿಲ್ಲ, ನಿಂತ ತೇವದಲ್ಲಿ ಬೇರಿಗೆ ಉಸಿರು ಸಿಗುವುದಿಲ್ಲ. ಆಮೇಲೆ ಬರುವ ಶಿಲೀಂಧ್ರವನ್ನು ದೂರಿ ಪ್ರಯೋಜನವಿಲ್ಲ.

ಉಳಿದ ಅರ್ಧ ನಿಮ್ಮ ಕೈಯಲ್ಲಿದೆ. ನರ್ಸರಿಗಳು ಸಾಗಣೆಗೆ ಹಗುರವಾಗಲಿ ಎಂದು ತೆಂಗಿನ ನಾರಿನ ಪುಡಿಯಲ್ಲಿ, ಅಂದರೆ ಕೊಕೊಪೀಟಿನಲ್ಲಿ, ಗಿಡ ನಿಲ್ಲಿಸಿರುತ್ತಾರೆ. ಅದು ಒದ್ದೆಯಾದರೆ ನಿಮ್ಮೂರಿನಲ್ಲಿ ಸೆಪ್ಟೆಂಬರ್ ತನಕ ಒಣಗದು, ಒಮ್ಮೆ ಪೂರ್ತಿ ಒಣಗಿದರೆ ಮತ್ತೆ ನೀರು ಹೀರದೆ ಪಕ್ಕದಿಂದ ಹರಿಸಿಬಿಡುತ್ತದೆ. ಸ್ಪ್ರೇ ಬಾಟಲಿಯನ್ನಂತೂ ಇಸ್ತ್ರಿ ಮಾಡುವವರಿಗೆ ಕೊಟ್ಟುಬಿಡಿ. ಎಲೆಗಳ ನಡುವಿನ ಬಟ್ಟಲಿನಲ್ಲಿ ನಿಲ್ಲುವ ನೀರು ಗಿಡದ ಸುಳಿಯನ್ನೇ ಕೊಳೆಸುತ್ತದೆ.

ಈಗಲೇ ಮಾಡಬೇಕಾದದ್ದು ಇಷ್ಟು. ಬದುಕಿರುವ ಎರಡು ಎಚೆವೇರಿಯಾಗಳನ್ನು ಕುಂಡದಿಂದ ಕಿತ್ತು, ಬೇರಿಗಂಟಿದ ಕೊಕೊಪೀಟನ್ನು ಪೂರ್ತಿ ಉದುರಿಸಿ. ಹರಿತವಾದ ಚಾಕುವನ್ನು ಸ್ಪಿರಿಟಿನಲ್ಲಿ ಒರೆಸಿ ಕಾಂಡವನ್ನು ಅಡ್ಡಲಾಗಿ ಕೊಯ್ಯಿರಿ. ಕೊಯ್ದ ಜಾಗದಲ್ಲಿ ಕಂದು ಚುಕ್ಕೆಯೋ ಬಳೆಯೋ ಕಾಣಿಸಿದರೆ ಇನ್ನೊಂದು ಕಾಲಿಂಚು ಮೇಲೆ ಕೊಯ್ಯಿರಿ, ಬಿಳಿಹಸಿರು ಬಣ್ಣ ಅಚ್ಚುಕಟ್ಟಾಗಿ ಸಿಗುವ ತನಕ ಬಿಡಬೇಡಿ. ಆಮೇಲೆ ಫ್ಯಾನಿನ ಗಾಳಿಯಲ್ಲಿ ಐದಾರು ದಿನ ಹಾಗೆಯೇ ಇಡಿ. ಗಾಯ ಒಣಗಿ ಗಟ್ಟಿಯಾಗುವ ಮೊದಲು ಮಣ್ಣಿನ ಮೇಲೆ ಕೂರಿಸಬಾರದು.

ಬಯಲುಸೀಮೆಯವ, ಬಳ್ಳಾರಿ · ಜುಲೈ 15

ನಮ್ಮಲ್ಲಿ ಕಷ್ಟ ಪೂರ್ತಿ ತಿರುಗುಮುರುಗು. ಏಪ್ರಿಲಿನಲ್ಲಿ 40 ಡಿಗ್ರಿ ದಾಟಿದಾಗ ಮಹಡಿಯ ಮೇಲಿನ ಕಪ್ಪು ಪ್ಲಾಸ್ಟಿಕ್ ಕುಂಡದ ಒಳಗೆ ಬೇರು ಬೆಂದುಹೋಗುತ್ತದೆ. ಐವತ್ತು ಪ್ರತಿಶತದ ಹಸಿರು ನೆರಳುಬಲೆ ಕಟ್ಟಿದ ಮೇಲೆ, ಬಿಳಿ ಬಣ್ಣ ಬಳಿದ ಮಣ್ಣಿನ ಕುಂಡಕ್ಕೆ ಬದಲಾಯಿಸಿದ ಮೇಲೆ ಸಾವು ಕಡಿಮೆಯಾಯಿತು. ನೀರು ನಿಲ್ಲುವ ತೊಂದರೆಗೆ ಕುಂಡದ ತಳದಲ್ಲಿ ಎರಡಿಂಚು ಜಲ್ಲಿ ಹಾಕಿ, ಅದರ ಮೇಲೆ ಮಣ್ಣು ತುಂಬಿ. ನೀರು ಕೆಳಗೆ ಇಳಿದು ಹೋಗುತ್ತದೆ.

ನಿವೃತ್ತ ಮೇಷ್ಟ್ರು, ಧಾರವಾಡ · ಜುಲೈ 15

ಬಳ್ಳಾರಿಯ ಮಿತ್ರರು ಕ್ಷಮಿಸಬೇಕು. ಜಲ್ಲಿಯ ಸಲಹೆಯನ್ನು ಎಲ್ಲರೂ ಹೇಳುತ್ತಾರೆ, ನಾನೂ ಹಲವು ವರ್ಷ ವಿದ್ಯಾರ್ಥಿಗಳಿಗೆ ಹೇಳಿದ್ದೇನೆ, ಆದರೆ ಅದು ತಪ್ಪು. ಪಾತ್ರೆ ತೊಳೆಯುವ ಆಯತಾಕಾರದ ಒಂದು ಸ್ಪಂಜನ್ನು ನೀರಿನಲ್ಲಿ ಅದ್ದಿ, ಅಂಗೈ ಮೇಲೆ ಚಪ್ಪಟೆಯಾಗಿ ಹಿಡಿದುಕೊಳ್ಳಿ. ಸ್ವಲ್ಪ ನೀರು ತೊಟ್ಟಿಕ್ಕಿ ನಿಲ್ಲುತ್ತದೆ. ನಿಂತ ಮೇಲೆ ಅದೇ ಸ್ಪಂಜನ್ನು ಹಿಂಡದೆ ಉದ್ದಕ್ಕೆ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಸುರಿಯುತ್ತದೆ. ಎಷ್ಟೇ ಸುರಿದರೂ ಕೆಳಗಿನ ಒಂದಿಷ್ಟು ಭಾಗ ಒದ್ದೆಯಾಗಿಯೇ ಉಳಿಯುತ್ತದೆ. ಕುಂಡದ ಮಣ್ಣಿನಲ್ಲಿಯೂ ಹೀಗೆಯೇ, ತಳದಲ್ಲಿ ಒಂದು ಒದ್ದೆಯ ಪಟ್ಟಿ ಸದಾ ಇರುತ್ತದೆ. ಅದರ ಎತ್ತರವನ್ನು ತೀರ್ಮಾನಿಸುವುದು ಮಣ್ಣಿನ ಕಣದ ಗಾತ್ರ. ಸಣ್ಣ ಕಣದ ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭವಾಗಿ ಜಿಗಿಯದು, ಆದ್ದರಿಂದ ತಳದಲ್ಲಿ ಜಲ್ಲಿ ಹಾಕಿದರೆ ಒದ್ದೆಯ ಪಟ್ಟಿ ಜಲ್ಲಿಯ ಮೇಲಕ್ಕೆ, ಬೇರಿನ ಇನ್ನಷ್ಟು ಹತ್ತಿರಕ್ಕೆ ಏರಿ ಕೂರುತ್ತದೆ. ಆ ಜಲ್ಲಿಯನ್ನು ಒಡೆದು ಕಡಲೆಕಾಳಿನ ಗಾತ್ರಕ್ಕೆ ತಂದು ಇಡೀ ಮಿಶ್ರಣದಲ್ಲಿ ಸೇರಿಸಿದರೆ ಮಾತ್ರ ಉಪಯೋಗ.

ಬಯಲುಸೀಮೆಯವ, ಬಳ್ಳಾರಿ · ಜುಲೈ 15

ಸ್ಪಂಜಿನ ಪ್ರಯೋಗವನ್ನು ಈಗಷ್ಟೇ ಮಾಡಿ ನೋಡಿದೆ. ಒಪ್ಪಿದೆ. ಮಹಡಿಯ ಮೇಲೆ ನಲವತ್ತು ಕುಂಡಗಳಿವೆ, ಭಾನುವಾರದ ಕೆಲಸ ಸಿಕ್ಕಿತು.

ಕಡಲತಡಿ, ಉಡುಪಿ · ಜುಲೈ 16

ಮಹಡಿತೋಟದವರಿಗೆ ಧನ್ಯವಾದ. ಎರಡರಲ್ಲಿ ಒಂದನ್ನು ಕೊಯ್ಯುತ್ತ ಹೋದಂತೆ ಕಂದು ಬಣ್ಣ ಸುಳಿಯ ತನಕವೂ ಇತ್ತು, ಎಸೆದೆ. ಇನ್ನೊಂದು ಶುದ್ಧವಾಗಿ ಸಿಕ್ಕಿತು, ಈಗ ಅಕ್ಕಿ ಅಳೆಯುವ ಸೇರಿನ ಬಾಯಿಯ ಮೇಲೆ ಕೂತಿದೆ. ಮಣ್ಣಿನ ಮಿಶ್ರಣದ ಬಗ್ಗೆ ಒಂದು ಪ್ರಶ್ನೆ: ಮಣ್ಣು ಹಗುರವಾಗಿ ನೀರು ಬಸಿಯಲೆಂದು ಬೆರೆಸುವ ಪರ್ಲೈಟ್, ಪ್ಯೂಮಿಸ್ ಕಲ್ಲುಚೂರುಗಳು ಇಲ್ಲಿ ಸುಲಭವಾಗಿ ಸಿಗುವುದಿಲ್ಲ, ಆನ್‌ಲೈನಿನಲ್ಲಿ ತರಿಸಿದರೆ ಗಿಡಕ್ಕಿಂತ ಮಣ್ಣೇ ದುಬಾರಿಯಾಗುತ್ತದೆ. ಬೇರೇನಾದರೂ ಆದೀತೇ?

ಹಿತ್ತಿಲು, ಪುತ್ತೂರು · ಜುಲೈ 16

ಮುರಕಲ್ಲು, ಅಂದರೆ ಜಂಬಿಟ್ಟಿಗೆ ಕಲ್ಲು, ಇರುವ ನಾಡಿನಲ್ಲಿ ಪ್ಯೂಮಿಸ್ ಯಾಕೆ ಬೇಕು? ಮನೆ ಕಟ್ಟುವಲ್ಲಿ ಮುರಕಲ್ಲು ಕೆತ್ತಿದ ಚೂರು ರಾಶಿಬಿದ್ದಿರುತ್ತದೆ, ಕೇಳಿದರೆ ಪುಕ್ಕಟೆ ಕೊಡುತ್ತಾರೆ. ಅದನ್ನು ಎರಡು ಜರಡಿ ಹಿಡಿಯಬೇಕು. ಮೊದಲ ಜರಡಿಯಲ್ಲಿ ನೆಲ್ಲಿಕಾಯಿಗಿಂತ ದೊಡ್ಡದು ಹೋಗಬೇಕು, ಎರಡನೆಯದರಲ್ಲಿ ಹುಡಿ ಪೂರ್ತಿ ಹೋಗಬೇಕು. ಉಳಿದದ್ದನ್ನು ಕೆಂಪುನೀರು ಬಿಡುವುದು ನಿಲ್ಲುವ ತನಕ ತೊಳೆದು ಒಣಗಿಸಿ. ಆ ಚೂರು ನಾಲ್ಕು ಪಾಲು, ತೊಳೆದ ದಪ್ಪ ಮರಳು ಎರಡು ಪಾಲು, ಚೆನ್ನಾಗಿ ಕಳಿತ ಸೊಪ್ಪಿನ ಗೊಬ್ಬರ ಒಂದು ಪಾಲು, ಬಚ್ಚಲೊಲೆಯ ಇದ್ದಿಲಿನ ಚೂರು ಒಂದು ಪಾಲು, ಕುಂಡಕ್ಕೆ ಒಂದು ಚಿಟಿಕೆ ಬೇವಿನ ಹಿಂಡಿ. ಮಳೆಗಾಲದ ಮಟ್ಟಿಗೆ ಗೊಬ್ಬರದ ಪಾಲನ್ನೂ ಬಿಟ್ಟರೆ ನಷ್ಟವಿಲ್ಲ. ಎಂ-ಸ್ಯಾಂಡ್ ಹಾಕುವವರು ಅದರ ಧೂಳನ್ನು ತೊಳೆಯದೆ ಹಾಕಬೇಡಿ, ಸಿಮೆಂಟಿನಂತೆ ಕೂರುತ್ತದೆ.

ಇನ್ನು ಜಾಗದ ವಿಷಯ. ಅಡಿಕೆ ಒಣಗಿಸಲು ಹಾಕಿದ ಪ್ಲಾಸ್ಟಿಕ್ ಹಾಳೆಯ ಸೋಲಾರ್ ಗೂಡು ನಮ್ಮಲ್ಲಿ ಜೋರು ಮಳೆಯ ಆಟಿ ತಿಂಗಳಿನಲ್ಲಿ (ಜುಲೈ-ಆಗಸ್ಟ್) ಖಾಲಿ ಇರುತ್ತದೆ. ಅದರ ಎರಡು ಬದಿಯ ಹಾಳೆಯನ್ನು ಮೇಲಕ್ಕೆ ಸುತ್ತಿ ಕಟ್ಟಿ, ಒಳಗೆ ಹಲಗೆ ಜೋಡಿಸಿ ಗಿಡ ಇಟ್ಟಿದ್ದೇನೆ. ಮೇಲಿನಿಂದ ಬೆಳಕು ಬರುತ್ತದೆ, ಮಳೆ ಬರುವುದಿಲ್ಲ, ಗಾಳಿ ಆಡುತ್ತದೆ. ಜಗಲಿಯಲ್ಲಿ ಮಳೆ ಬೀಳದಿದ್ದರೂ ಬೆಳಕು ಸಾಲದು, ನಿಮ್ಮ ಗಿಡಗಳು ಸೋತದ್ದಕ್ಕೆ ಅದೂ ಕಾರಣ.

ನಿವೃತ್ತ ಮೇಷ್ಟ್ರು, ಧಾರವಾಡ · ಜುಲೈ 17

ಬೆಳಕು ಮತ್ತು ರಾತ್ರಿಯ ಮಾತು ಬಂದದ್ದರಿಂದ, ಈ ಗಿಡಗಳ ಒಳಗೆ ನಡೆಯುವುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನೀರು ಯಾವಾಗ ಕೊಡಬೇಕು ಎಂಬ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ.

ನಮ್ಮ ಹಿತ್ತಿಲುಗಳಲ್ಲಿ ಬೆಳೆಯುವ ಕಾಡುಬಸಳೆಯನ್ನು ನೀವೆಲ್ಲರೂ ನೋಡಿರುತ್ತೀರಿ. ಎಲೆಯನ್ನು ಪುಸ್ತಕದ ನಡುವೆ ಇಟ್ಟರೂ ಅಂಚಿನಿಂದ ಮರಿ ಹುಟ್ಟುತ್ತದೆಯಲ್ಲ, ಅದೇ. ಮೂಲತಃ ಅದು ಮಡಗಾಸ್ಕರಿನದು, ಆದರೂ ಈಗ ನಮ್ಮದೇ ಆಗಿಹೋಗಿದೆ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಲಾಲ್‌ಬಾಗ್ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದಾಗ ಅದರ ಉಸ್ತುವಾರಿ ವಹಿಸಿಕೊಂಡವರು ಬೆಂಜಮಿನ್ ಹೈನೆ ಎಂಬ ಸಸ್ಯಶಾಸ್ತ್ರಜ್ಞ. ಅವರು ಭಾರತದಲ್ಲಿದ್ದಾಗ ಈ ಕಾಡುಬಸಳೆಯ ಎಲೆಯನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಅಗಿದು ನೋಡಿದರು. ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆಯ ಹೊತ್ತಿಗೆ ತುಸು ಕಹಿ. ಇದನ್ನು ಅವರು ಪತ್ರದಲ್ಲಿ ಬರೆದು ಕಳಿಸಿದ್ದು 1815ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು. ಆ ಹುಳಿಯ ಕಾರಣ ಪೂರ್ತಿ ಬಿಡಿಸಿಕೊಳ್ಳುವುದಕ್ಕೆ ವಿಜ್ಞಾನಿಗಳಿಗೆ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಸಾಮಾನ್ಯ ಗಿಡಗಳು ಹಗಲಿನಲ್ಲಿ ಎಲೆಯ ರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆ ಎಳೆದುಕೊಳ್ಳುತ್ತವೆ, ಆ ಹೊತ್ತಿನಲ್ಲಿ ನೀರೂ ಆವಿಯಾಗಿ ಹೋಗುತ್ತದೆ. ಬರಡು ನೆಲದ ಗಿಡಕ್ಕೆ ಆ ದುಂದು ಕಟ್ಟಿಬಾರದು. ಆದ್ದರಿಂದ ಅದು ರಂಧ್ರಗಳನ್ನು ರಾತ್ರಿಯ ತಂಪಿನಲ್ಲಿ ತೆರೆದು, ಒಳಗೆ ಬಂದ ಅನಿಲವನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲಿನಲ್ಲಿ ಬಾಗಿಲು ಮುಚ್ಚಿಕೊಂಡು ಬಿಸಿಲಿನ ಬಲದಿಂದ ಅದನ್ನು ಸಕ್ಕರೆಯಾಗಿಸುತ್ತದೆ. ಹೈನೆಯವರ ನಾಲಿಗೆಗೆ ಬೆಳಿಗ್ಗೆ ಸಿಕ್ಕಿದ್ದು ರಾತ್ರಿಯಿಡೀ ಸೇರಿದ ಆ ಆಮ್ಲ. ಎಚೆವೇರಿಯಾ, ಜೇಡ್, ಕಾಡುಬಸಳೆ ಎಲ್ಲವೂ ಸೇರುವ ಕ್ರಾಸುಲೇಸಿ ಕುಟುಂಬದ ಹೆಸರನ್ನೇ ಈ ಕ್ರಮಕ್ಕೆ ಇಟ್ಟಿದ್ದಾರೆ.

ಇದರಿಂದ ಎರಡು ವಿಷಯ ತಿಳಿಯುತ್ತದೆ. ರಾತ್ರಿ ತಂಪಾಗದಿದ್ದರೆ ಇಂಥ ಗಿಡ ಸರಿಯಾಗಿ ಉಸಿರಾಡುವುದಿಲ್ಲ, ಹಾಗಾಗಿ ಸೆಕೆಯ ರಾತ್ರಿಗಳಲ್ಲಿ ಅದಕ್ಕೆ ನೀರು ಬೇಕಿಲ್ಲ. ಮೋಡ ಕವಿದ ಹಗಲುಗಳಲ್ಲಿ ಕೂಡಿಟ್ಟದ್ದನ್ನು ಕರಗಿಸಲು ಬೆಳಕು ಸಾಲದು, ಆಗಲೂ ಬೇಕಿಲ್ಲ. ಉಡುಪಿಯ ಜುಲೈ ತಿಂಗಳಿನಲ್ಲಿ ಇವೆರಡೂ ಒಟ್ಟಿಗೆ ಬರುತ್ತವೆ. "ವಾರಕ್ಕೊಮ್ಮೆ" ಎಂಬ ಲೆಕ್ಕ ಯಾವ ಊರಿಗೂ, ಯಾವ ತಿಂಗಳಿಗೂ ಸಲ್ಲುವುದಿಲ್ಲ ಎಂದೇ ನನ್ನ ಅಭಿಪ್ರಾಯ.

ಈ ರುಚಿಯ ಪ್ರಯೋಗವನ್ನು ಬೇರೆ ಗಿಡಗಳ ಮೇಲೆ ಯಾರೂ ಮಾಡಬೇಡಿ. ಕಾಡುಬಸಳೆಯಲ್ಲಿಯೂ ಹೃದಯಕ್ಕೆ ತೊಂದರೆ ಕೊಡುವ ಅಂಶಗಳಿವೆ, ದನಕರುಗಳು ಹೆಚ್ಚು ತಿಂದರೆ ಸಾಯುವುದೂ ಉಂಟು. ಕಳ್ಳಿಯ ಜಾತಿಯ ಹಾಲಂತೂ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಆಗ ಬಹಳ ಹೊತ್ತು ನೀರಿನಿಂದ ತೊಳೆದು ತಕ್ಷಣ ವೈದ್ಯರ ಬಳಿಗೆ ಹೋಗಬೇಕು. ಕಡ್ಡಿಗಳ್ಳಿಯನ್ನು ಕತ್ತರಿಸುವಾಗ ನಾನು ಕನ್ನಡಕ ತೆಗೆಯುವುದಿಲ್ಲ.

ಬೆರಳಹಸಿರು, ಮೈಸೂರು · ಜುಲೈ 17

ಹಾಗಾದರೆ ನೀರು ಬೇಕೆಂದು ತಿಳಿಯುವುದು ಹೇಗೆ, ಮೇಷ್ಟ್ರೇ? ಎಲೆ ಸುಕ್ಕಾದ ಕೂಡಲೇ ನಾನು ನೀರು ಹಾಕುತ್ತೇನೆ, ಕೆಲವೊಮ್ಮೆ ಅದರಿಂದಲೇ ಸಾಯುತ್ತದೆ.

ಮಹಡಿತೋಟ, ಬೆಂಗಳೂರು · ಜುಲೈ 18

ಸುಕ್ಕನ್ನು ಮುಟ್ಟಿ ನೋಡಬೇಕು, ಬರೀ ಕಣ್ಣಿಗೆ ಕಂಡದ್ದು ಸಾಲದು. ಬಾಯಾರಿದ ಗಿಡದ ಕೆಳಗಿನ ಎಲೆ ಹಳೆಯ ಬೆಲ್ಟಿನ ಚರ್ಮದಂತೆ ಬಾಗುತ್ತದೆ, ಬಣ್ಣ ಬದಲಾಗುವುದಿಲ್ಲ, ಎಳೆದರೆ ಸುಲಭವಾಗಿ ಬರುವುದೂ ಇಲ್ಲ. ಬೇರು ಕೊಳೆತ ಗಿಡದ ಎಲೆಯೂ ಸುಕ್ಕಾಗುತ್ತದೆ, ಏಕೆಂದರೆ ನೀರೆಳೆಯುವ ಬೇರೇ ಇಲ್ಲ. ಆದರೆ ಅದು ಹಳದಿಗೆ ತಿರುಗಿ ಮೆತ್ತಗಿರುತ್ತದೆ. ನೀವು ನೀರು ಹಾಕಿ ಕೊಂದದ್ದು ಈ ಎರಡನೆಯದನ್ನು.

ಮಣ್ಣಿನ ಒಳಗಿನ ತೇವ ತಿಳಿಯಲು ನಾನು ಉರಿದು ಮುಗಿದ ಊದುಬತ್ತಿಯ ಬಿದಿರುಕಡ್ಡಿಗಳನ್ನು ಬಳಸುತ್ತೇನೆ, ನಮ್ಮ ಮನೆಯಲ್ಲಿ ಅದಕ್ಕೆ ಕೊರತೆಯಿಲ್ಲ. ಕುಂಡದ ಅಂಚಿನಿಂದ ತಳದ ತನಕ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆದು ಕೆನ್ನೆಗೆ ತಾಗಿಸಿದರೆ ತಂಪು ತಿಳಿಯುತ್ತದೆ. ಕಡ್ಡಿ ಬೆಚ್ಚಗೆ, ಒಣಗಿದಂತೆಯೇ ಬಂದರೆ ಇನ್ನೂ ಎರಡು ದಿನ ಕಾದು, ಆಮೇಲೆ ತಳದಿಂದ ಹರಿಯುವಷ್ಟು ನೀರು ಕೊಡುತ್ತೇನೆ. ಕೊಟ್ಟರೆ ಪೂರ್ತಿ ಕೊಡಬೇಕು, ಇಲ್ಲವಾದರೆ ಸುಮ್ಮನಿರಬೇಕು.

ಬೆರಳಹಸಿರು, ಮೈಸೂರು · ಜುಲೈ 18

ನನ್ನ ಇನ್ನೊಂದು ಅಹವಾಲನ್ನೂ ಕೇಳಿ. ಮಾರ್ಚಿನಲ್ಲಿ ಒಂದು ಆನ್‌ಲೈನ್ ಅಂಗಡಿಯಿಂದ "ನೀಲಿ ಎಚೆವೇರಿಯಾ" ಎಂದು ತರಿಸಿದೆ. ಎರಡು ತಿಂಗಳ ಮೇಲೆ ಸುಳಿಯಿಂದ ಬಂದ ಹೊಸ ಎಲೆಗಳು ಅಪ್ಪಟ ಹಸಿರು. ಹಳೆಯ ಎಲೆಯನ್ನು ಉಗುರಿನಿಂದ ಕೆರೆದಾಗ ಬಣ್ಣ ಸಿಪ್ಪೆಯಂತೆ ಎದ್ದುಬಂತು. ಅದೇ ಪೊಟ್ಟಣದಲ್ಲಿ ಬಂದ ಪುಟ್ಟ ಕಳ್ಳಿಯ ನೆತ್ತಿಯ ಮೇಲಿನ ಹಳದಿ ಹೂವು ಎಂಟು ವಾರ ಬಾಡದೇ ಇದ್ದುದನ್ನು ಕಂಡು ಸಂತೋಷಪಟ್ಟಿದ್ದೆ. ಅದನ್ನು ಬಿಸಿ ಅಂಟಿನಿಂದ ಮೆತ್ತಿದ್ದರು. ಕೀಳಲು ಹೋದಾಗ ಕಳ್ಳಿಯ ಸುಳಿಯೂ ಕಿತ್ತುಬಂತು.

ಮಹಡಿತೋಟ, ಬೆಂಗಳೂರು · ಜುಲೈ 18

ಬಣ್ಣ ಬಳಿದ ಎಲೆಗೆ ಬೆಳಕು ಸಿಗುವುದಿಲ್ಲ, ಹಾಗಾಗಿ ಹೊಸ ಎಲೆ ಬಂದಿದ್ದರೆ ನಿಮ್ಮ ಗಿಡ ಗಟ್ಟಿಗವೇ ಸರಿ. ಕೊಳ್ಳುವಾಗ ಗಮನಿಸಬೇಕಾದ ಇನ್ನೊಂದು ವಂಚನೆ, ಮಣ್ಣಿನ ಮೇಲೆ ಅಂಟು ಹಾಕಿ ಕೂರಿಸಿದ ಬಣ್ಣದ ಕಲ್ಲುಗಳು. ಆ ಪದರ ಒಡೆಯದೆ ನೀರು ಒಳಗೂ ಹೋಗದು, ತೇವ ಹೊರಗೂ ಬಾರದು.

ಕೆಂಪು ತಲೆಯ ಕಸಿ ಕಳ್ಳಿ ವಂಚನೆಯಲ್ಲದಿದ್ದರೂ ಕೊಳ್ಳುವವರಿಗೆ ಯಾರೂ ಪೂರ್ತಿ ಹೇಳುವುದಿಲ್ಲ. ಮೇಲಿನ ಕೆಂಪು ಉಂಡೆ ಜಿಮ್ನೊಕ್ಯಾಲಿಸಿಯಂ ಎಂಬ ಕಳ್ಳಿಯ, ಪತ್ರಹರಿತ್ತೇ ಇಲ್ಲದ ಮಾರ್ಪಾಡು. ಸ್ವಂತ ಬೇರಿನ ಮೇಲೆ ಅದು ಬದುಕಲಾರದು. ಕೆಳಗಿನ ಮೂರು ಮೂಲೆಯ ಹಸಿರು ಕಾಂಡ ಡ್ರ್ಯಾಗನ್ ಹಣ್ಣಿನ ಬಳಗದ್ದು, ಅದೇ ಮೇಲಿನವನಿಗೆ ಅನ್ನ ಹಾಕುವುದು. ಇಬ್ಬರ ಬೆಳವಣಿಗೆಯ ವೇಗ ಹೊಂದುವುದಿಲ್ಲವಾದ್ದರಿಂದ ಕೆಲವೇ ವರ್ಷಗಳಲ್ಲಿ ಜೋಡಿ ಮುರಿಯುತ್ತದೆ. ಅದು ನಿಮ್ಮ ತಪ್ಪಿನಿಂದ ಎಂದು ಕೊರಗಬೇಡಿ.

ಹೊಸಬ, ತುಮಕೂರು · ಜುಲೈ 19

ಬೆಣಚುಕಲ್ಲಿನಂತೆ ಕಾಣುವ, ದಕ್ಷಿಣ ಆಫ್ರಿಕಾದ ಪುಟ್ಟ ಸಕ್ಯುಲೆಂಟ್‌ಗಳಾದ ಲಿಥಾಪ್ಸ್ ಮತ್ತು ಕೊನೊಫೈಟಮ್ ಗಿಡಗಳನ್ನು ವಿದೇಶದ ಮಾರಾಟಗಾರರೊಬ್ಬರು ಅಂಚೆಯಲ್ಲಿ ನೇರವಾಗಿ ಕಳಿಸುತ್ತೇನೆ ಎನ್ನುತ್ತಿದ್ದಾರೆ. ತರಿಸಬಹುದೇ?

ನಿವೃತ್ತ ಮೇಷ್ಟ್ರು, ಧಾರವಾಡ · ಜುಲೈ 19

ತರಿಸಬೇಡಿ. 2003ರ ಸಸ್ಯ ಸಂಪರ್ಕತಡೆ ಆದೇಶದ ಪ್ರಕಾರ ಆಮದು ಪರವಾನಗಿ ಮತ್ತು ಕಳಿಸುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಗಿಡ ತರಿಸುವುದು ಕಾನೂನಿಗೆ ವಿರುದ್ಧ. ಅದಕ್ಕಿಂತಲೂ ನನ್ನನ್ನು ಕಾಡುವುದು ಬೇರೆ. ದಕ್ಷಿಣ ಆಫ್ರಿಕಾದ ಕರೂ ಬಯಲಿನಲ್ಲಿ ಕೊನೊಫೈಟಮ್‌ಗಳನ್ನು ಕಲ್ಲಿನ ಸಂದಿಯಿಂದ ಕಿತ್ತು ಕಳ್ಳಸಾಗಣೆ ಮಾಡುವ ದೊಡ್ಡ ಜಾಲವೇ ಇದೆ. ಕೆಲವು ಜಾತಿಗಳು ಒಂದೇ ಗುಡ್ಡದ ಮೇಲೆ ಮಾತ್ರ ಇರುವಂಥವು, ಒಮ್ಮೆ ಕಿತ್ತರೆ ಮುಗಿಯಿತು. ಲಿಥಾಪ್ಸ್ ಬೇಕೇಬೇಕೆಂದರೆ ಇಲ್ಲಿಯೇ ಬೀಜದಿಂದ ಬೆಳೆಸಿದ್ದನ್ನು ಕೊಳ್ಳಿ. ಹೊಸ ಎಲೆಜೋಡಿ ಹಳೆಯದನ್ನು ಸೀಳಿಕೊಂಡು ಬರುವಾಗ ಒಂದು ಹನಿ ನೀರನ್ನೂ ಕೊಡಬೇಡಿ. ಹಳೆಯ ಎಲೆಯ ನೀರನ್ನೇ ಕುಡಿದು ಹೊಸದು ಬೆಳೆಯಬೇಕು.

ಹೊಳೆಸಾಲು, ಶಿರಸಿ · ಜುಲೈ 20

ವಿದೇಶದ ಅಪರೂಪದ ಕಳ್ಳಿ ಬೇಕೆನ್ನುವವರಿಗೆ ನಗುತ್ತಲೇ ಹೇಳುತ್ತೇನೆ, ಅದು ನಿಮ್ಮ ಅಜ್ಜಿಯ ಮನೆಯಲ್ಲಿಯೇ ಇದ್ದೀತು. ನಾವು ಬ್ರಹ್ಮಕಮಲ ಎನ್ನುವ ಗಿಡ ಎಪಿಫಿಲಮ್ ಎಂಬ ಕಳ್ಳಿ, ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಕಾಡುಗಳಲ್ಲಿ ಮರದ ಮೇಲೆ ಬೆಳೆಯುವಂಥದು. ಹಿಮಾಲಯದ ನಿಜವಾದ ಬ್ರಹ್ಮಕಮಲಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಎಲೆ ಎಂದು ನಾವು ನೆಡುವುದು ಚಪ್ಪಟೆಯಾದ ಕಾಂಡ. ಕಳ್ಳಿಯೆಂದ ಮಾತ್ರಕ್ಕೆ ಬಿಸಿಲು, ಬರ ಎಂದುಕೊಂಡು ಇದನ್ನು ಮಹಡಿಯ ಮೇಲಿಟ್ಟರೆ ಹಳದಿಯಾಗಿ ಸುಡುತ್ತದೆ. ಇದಕ್ಕೆ ಬೇಕಾದದ್ದು ಮರದ ನೆರಳು, ತೇವದ ಗಾಳಿ, ಸೊಪ್ಪಿನ ಗೊಬ್ಬರ. ನಮ್ಮಲ್ಲಿ ಹಲಸಿನ ಮರದ ಬುಡದಲ್ಲಿದೆ. ಕಳೆದ ವರ್ಷ ಒಂದೇ ರಾತ್ರಿ ಹದಿನೇಳು ಹೂವು ಅರಳಿದವು. ಅಕ್ಕಪಕ್ಕದವರು ಟಾರ್ಚು ಹಿಡಿದು ಬಂದರು, ಎರಡು ಸಲ ಚಹಾ ಆಯಿತು. ಬೆಳಗಿನ ಹೊತ್ತಿಗೆ ಎಲ್ಲವೂ ಕುತ್ತಿಗೆ ಬಾಗಿಸಿದ್ದವು.

ದೂರದಿಂದ, ಸಲಾಲಾ · ಜುಲೈ 22

ನಾನು ಕುಂದಾಪುರದವನು, ಒಮಾನಿನಲ್ಲಿ ಕೆಲಸ. ಶಿರಸಿಯವರ ಮಾತಿಗೆ ಒಂದು ಪುರವಣಿ. ಊರಿನಲ್ಲಿ ಎಲ್ಲರೂ ಅಡೀನಿಯಂ ಅನ್ನು ಮರಳುಗಾಡಿನ ಗುಲಾಬಿ ಎಂದು ಕರೆದು ಮಳೆಗಾಲದಲ್ಲಿ ಒಳಗಿಟ್ಟು ಒಣಗಿಸುತ್ತಾರೆ. ಇಲ್ಲಿನ ಧೋಫಾರ್ ಬೆಟ್ಟಗಳಲ್ಲಿ ಅದು ಕಾಡುಗಿಡವಾಗಿ ಬೆಳೆಯುತ್ತದೆ. ಜೂನ್ ನಡುವಿನಿಂದ ಸೆಪ್ಟೆಂಬರ್ ತನಕ ಖರೀಫ್ ಎಂಬ ಮುಂಗಾರಿನ ಮಂಜು ಮತ್ತು ತುಂತುರು ಈ ಬೆಟ್ಟಗಳನ್ನು ಮುಚ್ಚಿರುತ್ತದೆ. ಈಗ ಕಿಟಕಿಯಿಂದ ನೋಡಿದರೆ ಬೆಟ್ಟ ಆಗುಂಬೆಯಂತಿದೆ, ಅಡೀನಿಯಂ ಎಲೆ ತುಂಬಿ ನಿಂತಿದೆ. ಮಾರ್ಚಿನಲ್ಲಿ ಅದೇ ಗಿಡದ ಮೇಲೆ ಎಲೆಯಿಲ್ಲ, ಬರೀ ಗುಲಾಬಿ ಹೂವು. ಆದರೆ ಅದು ಬೇರೂರಿರುವುದು ಸುಣ್ಣಕಲ್ಲಿನ ಇಳಿಜಾರಿನ ಸಂದಿಗಳಲ್ಲಿ, ಅಲ್ಲಿ ನೀರು ಒಂದು ಕ್ಷಣವೂ ನಿಲ್ಲುವುದಿಲ್ಲ.

ಹೀಗಾಗಿ ಕಳೆದ ವರ್ಷ ರಜೆಯಲ್ಲಿ ಬಂದಾಗ ಅಮ್ಮನ ಅಡೀನಿಯಂ ಕುಂಡಗಳಿಗೆ ಪೂರ್ತಿ ಕಲ್ಲುಚೂರಿನ ಮಿಶ್ರಣ ತುಂಬಿ, ಮಳೆ ಬೀಳುವ ಕಡೆಯೇ ಇಟ್ಟುಬಂದೆ. ಅಮ್ಮ ಫೋನಿನಲ್ಲಿ ಬೈದರು, ಗಿಡಗಳು ಸಾಯಲಿಲ್ಲ. ಡಿಸೆಂಬರಿನಲ್ಲಿ ಎಲೆ ಉದುರಿದಾಗ ಮಾತ್ರ ನೀರು ನಿಲ್ಲಿಸಬೇಕು. ಹಾಲು ಬಹಳ ವಿಷ. ಆಫ್ರಿಕಾದಲ್ಲಿ ಬಾಣದ ಮೊನೆಗೆ ಬಳಿಯುತ್ತಿದ್ದದ್ದು ಇದನ್ನೇ. ಕೊಂಬೆ ಕತ್ತರಿಸಿದ ಮೇಲೆ ಕೈ ತೊಳೆಯಿರಿ.

ಬಯಲುಸೀಮೆಯವ, ಬಳ್ಳಾರಿ · ಜುಲೈ 23

ಬೇಲಿಯ ಪಾಪಾಸುಕಳ್ಳಿಯ ಒಂದು ಹಾಳೆಯನ್ನು ತಂದು ಕುಂಡದಲ್ಲಿಟ್ಟಿದ್ದೆ. ಈಗ ಅದರ ತುಂಬ ಬಿಳಿ ಹತ್ತಿ ಅಂಟಿದಂತಿದೆ. ಪಕ್ಕದ ಹಾವರ್ಥಿಯಾದ ಎಲೆಸಂದಿಯಲ್ಲಿಯೂ ಬಿಳಿ ಕಾಣುತ್ತಿದೆ. ಎರಡೂ ಒಂದೇ ರೋಗವೇ?

ನಿವೃತ್ತ ಮೇಷ್ಟ್ರು, ಧಾರವಾಡ · ಜುಲೈ 23

ಹತ್ತಿಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ. ರಕ್ತದಂತೆ ಕೆಂಪಾದರೆ ಅದು ಕೊಚಿನೀಲ್ ಹುಳ. ಅದು ಪಾಪಾಸುಕಳ್ಳಿಯನ್ನು ಬಿಟ್ಟು ಹಾವರ್ಥಿಯಾಕ್ಕೆ ಹೋಗುವುದಿಲ್ಲ. ಅದರ ಕೆಂಪು ಬಣ್ಣದ ವ್ಯಾಪಾರದ ಆಸೆಯಿಂದಲೇ ಕಂಪನಿಯವರು 1795ರಲ್ಲಿ ಆ ಹುಳವನ್ನು ಭಾರತಕ್ಕೆ ತರಿಸಿದರು, ಬಂದದ್ದು ಬೇರೆ ಜಾತಿ, ಬಣ್ಣ ಕಳಪೆ. ಹುಳ ಮಾತ್ರ ಕಳ್ಳಿಯನ್ನು ಚೆನ್ನಾಗಿ ತಿಂದಿತು. ಮುಂದೆ 1926ರಲ್ಲಿ ಸಿಲೋನಿನಿಂದ ಇನ್ನೊಂದು ಜಾತಿಯನ್ನು ಬೇಕೆಂದೇ ತಂದು ಬಿಟ್ಟ ಮೇಲೆ, ದಕ್ಷಿಣದ ಬಯಲುಗಳಲ್ಲಿ ಹಬ್ಬಿದ್ದ ಪಾಪಾಸುಕಳ್ಳಿಯ ಪೊದೆಗಳು ಬಹುಪಾಲು ಅಳಿದವು. ನಿಮ್ಮ ಬೇಲಿಯ ಮೇಲಿರುವುದು ಆ ಹುಳದ ಸಂತತಿ.

ಹಾವರ್ಥಿಯಾದ ಮೇಲಿನದು ಉಜ್ಜಿದಾಗ ಕೆಂಪಾಗದಿದ್ದರೆ ಹಿಟ್ಟುತಿಗಣೆ. ಹತ್ತಿ ಸುತ್ತಿದ ಕಡ್ಡಿಯನ್ನು ಸ್ಪಿರಿಟಿನಲ್ಲಿ ಅದ್ದಿ ಒಂದೊಂದನ್ನೂ ಒರೆಸಿ ತೆಗೆಯಿರಿ, ವಾರದ ಅಂತರದಲ್ಲಿ ಮೂರು ಸಲ. ಇರುವೆ ಓಡಾಡುತ್ತಿದ್ದರೆ ಗಿಡವನ್ನು ಕಿತ್ತು ಬೇರನ್ನೂ ನೋಡಿ. ಅಲ್ಲಿಯೂ ಬಿಳಿ ಪುಡಿ ಇದ್ದರೆ ಮಣ್ಣನ್ನು ಪೂರ್ತಿ ಎಸೆಯಬೇಕು.

ಬೆರಳಹಸಿರು, ಮೈಸೂರು · ಜುಲೈ 24

ಬೇವಿನೆಣ್ಣೆ ಸಿಂಪಡಿಸುವವರಿಗೆ ಒಂದು ಎಚ್ಚರಿಕೆ. ಎಚೆವೇರಿಯಾದ ಎಲೆಯ ಮೇಲಿನ ವಿಭೂತಿಯಂಥ ಬಿಳುಪು ಅದರದೇ ಮೇಣ, ಬಿಸಿಲಿನಿಂದ ಕಾಪಾಡುವುದು ಅದೇ. ಎಣ್ಣೆ ತಾಗಿದರೆ ಅದು ಹೋಗುತ್ತದೆ, ಆ ಎಲೆಯ ಮೇಲೆ ಮತ್ತೆ ಬರುವುದಿಲ್ಲ. ಎಣ್ಣೆ ಹೊಡೆದ ಮರುದಿನವೇ ಬಿಸಿಲಿಗಿಟ್ಟು ಐದು ಗಿಡ ಸುಟ್ಟುಕೊಂಡಿದ್ದೇನೆ.

ಕಡಲತಡಿ, ಉಡುಪಿ · ನವೆಂಬರ್ 9

ನಾಲ್ಕು ತಿಂಗಳ ಮೇಲೆ ಲೆಕ್ಕ ಒಪ್ಪಿಸುತ್ತಿದ್ದೇನೆ. ಹನ್ನೊಂದರಲ್ಲಿ ಐದು ಉಳಿದಿವೆ: ತಲೆ ಕೊಯ್ದು ಒಣಗಿಸಿದ ಆ ಒಂದು ಎಚೆವೇರಿಯಾ, ಎರಡೂ ಹಾವರ್ಥಿಯಾ, ಗ್ರಾಪ್ಟೊಪೆಟಲಮ್ ಮತ್ತು ಜೇಡ್. ಜುಲೈ ಕೊನೆಯಿಂದ ಅಕ್ಟೋಬರ್ ಮೊದಲ ವಾರದ ತನಕ ಒಟ್ಟು ಎರಡೇ ಸಲ ನೀರು ಕೊಟ್ಟೆ, ಅದೂ ಹಾವರ್ಥಿಯಾಗಳಿಗೆ ಮಾತ್ರ. ಮುರಕಲ್ಲಿನ ಚೂರನ್ನು ತೊಳೆದ ಕೆಂಪುನೀರು ಅಂಗಳದ ಬಿಳಿ ಟೈಲ್ಸಿನ ಮೇಲೆ ಇನ್ನೂ ಕಲೆಯಾಗಿ ಉಳಿದಿದೆ. ಸೋಲಾರ್ ಗೂಡು ನಮ್ಮಲ್ಲಿ ಇಲ್ಲದ್ದರಿಂದ ಬಟ್ಟೆ ಒಣಗಿಸುವ ಕಡೆ ಪಾರದರ್ಶಕ ಶೀಟು ಹಾಕಿಸಿ ಕೆಳಗೆ ಇಟ್ಟಿದ್ದೆ. ಈಗ ಬಟ್ಟೆಗೆ ಜಾಗವಿಲ್ಲ.

ಎಚೆವೇರಿಯಾದಿಂದ ಉದುರಿದ ಒಂದು ಗಟ್ಟಿ ಎಲೆಯನ್ನು ಸ್ಟೀಲ್ ಮುಚ್ಚಳದಲ್ಲಿ ಹಾಕಿ ಮರೆತಿದ್ದೆ. ಅದರ ತುದಿಯಲ್ಲಿ ನಸುಗೆಂಪು ದಾರದಂಥ ಬೇರು, ಪಕ್ಕದಲ್ಲಿ ಸಾಸಿವೆಯಷ್ಟು ದೊಡ್ಡ ಮರಿ ಬಂದಿದೆ. ಹಳೆಯ ಎಲೆಯನ್ನು ಕಿತ್ತು ಮರಿಯನ್ನು ನೆಡಬೇಕೇ?

ಇನ್ನೊಂದು ಪ್ರಶ್ನೆ ಅತ್ತೆಯವರದು. ಕಸಿ ಕಳ್ಳಿಯ ಕೆಂಪು ತಲೆ ಆಗಸ್ಟಿನಲ್ಲಿ ಕೊಳೆತು ಬಿತ್ತು. ಎಸೆಯಲು ಇಟ್ಟಿದ್ದ ಹಸಿರು ಕಾಂಡವನ್ನು ಅವರು ತೆಗೆದುಕೊಂಡು ಹೋಗಿ ತೆಂಗಿನ ಬುಡದಲ್ಲಿ ಊರಿದ್ದಾರೆ. ಈಗ ಒಂದು ಮೊಳ ಉದ್ದ ಚಿಗುರಿದೆ. ಡ್ರ್ಯಾಗನ್ ಹಣ್ಣು ಯಾವಾಗ ಬರುತ್ತದೆ ಎಂದು ಕೇಳಿ ಹೇಳಬೇಕಂತೆ.

ಮಹಡಿತೋಟ, ಬೆಂಗಳೂರು · ನವೆಂಬರ್ 9

ಹಳೆಯ ಎಲೆ ಕಾಗದದಂತೆ ಒಣಗಿ ತಾನಾಗಿಯೇ ಬಿಡುವ ತನಕ ಮುಟ್ಟಬೇಡಿ, ಮರಿಗೆ ಸದ್ಯದ ಊಟ ಅದೇ. ಬೇರಿನ ಮೇಲೆ ಒಂದು ಚಿಟಿಕೆ ಮರಳು ಉದುರಿಸಿದರೆ ಸಾಕು.

ಅತ್ತೆಯವರಿಗೆ ಹೇಳಿ, ತೆಂಗಿನ ನೆರಳಿನಲ್ಲಿ ಅದು ಬರೀ ಬಳ್ಳಿಯಾಗಿ ಹಬ್ಬುತ್ತದೆ, ಹೂವಿಗೆ ಬಿಸಿಲು ಬೇಕು. ಬೇಲಿಯ ಕಡೆ ಬಿಸಿಲು ಬೀಳುವ ಕಲ್ಲುಕಂಬ ಇದ್ದರೆ ಅದಕ್ಕೆ ಕಟ್ಟಿ ಏರಿಸಲಿ. ಬಳ್ಳಿ ಕಂಬದ ತುದಿ ದಾಟಿ ಕೆಳಗೆ ಬಾಗಬೇಕು, ಅದಕ್ಕೆ ಎರಡು ಮೂರು ವರ್ಷವಾದರೂ ಬೇಕು. ಕಸಿಗೆಂದು ಬಳಸುವ ಜಾತಿಗಳ ಹಣ್ಣು ಅಂಗಡಿಯ ಹಣ್ಣಿನಷ್ಟು ದೊಡ್ಡದಾಗುತ್ತದೆ ಎಂದು ಮಾತ್ರ ಭರವಸೆ ಕೊಡಬೇಡಿ.

ಕಡಲತಡಿ, ಉಡುಪಿ · ನವೆಂಬರ್ 10

ಹೇಳಿದೆ. ಕರಿಮೆಣಸು ಹಬ್ಬಿಸಿದ್ದ ಒಂದು ಕಲ್ಲುಕಂಬವನ್ನು ಇವತ್ತು ಬೆಳಿಗ್ಗೆಯೇ ಖಾಲಿ ಮಾಡಿಸಿದ್ದಾರೆ.